ನ್ಯೂಟನ್‌ಗೆ ಫ್ರೆಂಚ್ ಕಲಿಸಿದವಳು

ಬೆಳಿಗ್ಗೆ ಒಂಬತ್ತಕ್ಕೆ ಏಳುವುದು. ಮಧ್ಯಾಹ್ನ ಮೂರರವರೆಗೆ ಕೆಲಸ. ಒಂದು ಕಾಫಿ. ನಾಲ್ಕಕ್ಕೆ ಮತ್ತೆ ಕೆಲಸ, ರಾತ್ರಿ ಹತ್ತರವರೆಗೆ. ಆಮೇಲೆ ಒಬ್ಬಳೇ ಕೂತು ಎರಡು ತುತ್ತು ಊಟ, ಹನ್ನೆರಡರವರೆಗೆ ಲೇಖಕ ವೋಲ್ಟೇರ್ ಜೊತೆ ಹರಟೆ. ಹನ್ನೆರಡಕ್ಕೆ ಪುನಃ ಮೇಜಿನ ಮುಂದೆ, ಬೆಳಗಿನ ಜಾವ ಐದರವರೆಗೆ.

1749ರಲ್ಲಿ ಪ್ಯಾರಿಸ್‌ನಿಂದ ಬರೆದ ಒಂದು ಪತ್ರದಲ್ಲಿ ಎಮಿಲಿ ದು ಶಾಟ್ಲೆ ಕೊಟ್ಟಿರುವ ದಿನಚರಿ ಇದು. ಕೂಡಿಸಿ ನೋಡಿ: 17 ಗಂಟೆ ಕೆಲಸ, ನಾಲ್ಕು ಗಂಟೆ ನಿದ್ದೆ. ಆಗ ಆಕೆಗೆ 42 ವರ್ಷ, ಬಸುರಿ ಬೇರೆ. ಆ ಕಾಲದಲ್ಲಿ, ಆ ವಯಸ್ಸಿನಲ್ಲಿ ಹೆರಿಗೆ ಅಂದರೆ ಜೀವದ ಜೊತೆ ಜೂಜು. ಅದು ಆಕೆಗೂ ಗೊತ್ತಿತ್ತು. ಅದಕ್ಕೂ ಮೊದಲು ಒಂದು ಕೆಲಸ ಮುಗಿಯಬೇಕಿತ್ತು. ನ್ಯೂಟನ್‌ನ ‘ಪ್ರಿನ್ಸಿಪಿಯಾ’ ಎಂಬ, ಚಲನೆ ಮತ್ತು ಗುರುತ್ವದ ನಿಯಮಗಳ ಪುಸ್ತಕವನ್ನು ಲ್ಯಾಟಿನ್‌ನಿಂದ ಫ್ರೆಂಚ್‌ಗೆ ತರುವ ಕೆಲಸ.

ಅನುವಾದಕ್ಕೆ ಇಷ್ಟೊಂದು ಒದ್ದಾಟವಾ ಅನ್ನಿಸಬಹುದು. ಎರಡು ಭಾಷೆ ಬಂದರೆ ಆಯ್ತಲ್ವಾ? ಕಾದಂಬರಿಗೇ ಅಷ್ಟು ಸಾಲದು, ಇನ್ನು ಭೌತಶಾಸ್ತ್ರಕ್ಕೆ ಎಲ್ಲಿ ಸಾಲುತ್ತದೆ! ಈ ಪುಸ್ತಕದಲ್ಲಿ ಭಾಷೆಯದ್ದು ಕಡಿಮೆ ತೊಂದರೆ. ನ್ಯೂಟನ್ ಏನು ಹೇಳುತ್ತಿದ್ದಾನೆ ಎಂಬುದೇ ಯೂರೋಪಿನ ಬಹಳಷ್ಟು ಪಂಡಿತರಿಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ಯಾವ ಭಾಷೆಗೂ ತರಲಾಗದು. ಹಾಗಾಗಿ ಎಮಿಲಿಯ ಕತೆ ಹೇಳಬೇಕಾದರೆ ಸ್ವಲ್ಪ ಭೌತಶಾಸ್ತ್ರವನ್ನೂ ಹೇಳಲೇಬೇಕು. ಹೆದರಬೇಡಿ, ಹೈಸ್ಕೂಲ್ ಮಟ್ಟ ದಾಟುವುದಿಲ್ಲ.

ಮೊದಲು ಬದುಕು. ಎಮಿಲಿ ಹುಟ್ಟಿದ್ದು 1706ರ ಡಿಸೆಂಬರ್ 17ರಂದು, ಪ್ಯಾರಿಸ್‌ನಲ್ಲಿ. ಅಪ್ಪ ರಾಜ 14ನೇ ಲೂಯಿಯ ಆಸ್ಥಾನದ ಅಧಿಕಾರಿ. ದೊಡ್ಡ ಮನೆತನ. 1725ರಲ್ಲಿ ದು ಶಾಟ್ಲೆ ಎಂಬ ಸೈನ್ಯಾಧಿಕಾರಿಯ ಜೊತೆ ಮದುವೆಯಾಯಿತು. ಮೂರು ಮಕ್ಕಳಾದವು, ಒಂದು ಹಸುಗೂಸಾಗಿದ್ದಾಗಲೇ ತೀರಿಕೊಂಡಿತು. ಆಕೆ ಗಣಿತವನ್ನು ಗಂಭೀರವಾಗಿ ಹಿಡಿದದ್ದು ಇದೆಲ್ಲ ಆದ ಮೇಲೆ, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನಲ್ಲಿ. ಮೇಷ್ಟರುಗಳು ಮಾತ್ರ ಅಂತಿಂಥವರಲ್ಲ. ಒಬ್ಬ ಮೋಪೆರ್ತ್ವಿ, ಇನ್ನೊಬ್ಬ ಕ್ಲೇರೋ. ಭೂಮಿ ಧ್ರುವಗಳ ಬಳಿ ಚಪ್ಪಟೆಯಾಗಿದೆ ಎಂಬ ನ್ಯೂಟನ್ ಮಾತನ್ನು ಅಳೆದು ನೋಡಲು 1736ರಲ್ಲಿ ಲ್ಯಾಪ್‌ಲ್ಯಾಂಡಿನ ಹಿಮಕ್ಕೆ ಹೋದವರು ಇವರೇ.

1733ರಲ್ಲಿ ವೋಲ್ಟೇರ್ ಪರಿಚಯವಾಯಿತು, ಪ್ರೀತಿಯೂ ಆಯಿತು. ಮರುವರ್ಷ ಆತನ ಒಂದು ಪುಸ್ತಕದಿಂದ ಸರ್ಕಾರ ಕೆರಳಿ ಬಂಧನದ ಆಜ್ಞೆ ಹೊರಡಿಸಿತು. ಎಮಿಲಿ ಆತನನ್ನು ಗಂಡನ ಹಳೆಯ ಬಂಗಲೆಯಿದ್ದ ಸಿರೆ ಎಂಬ ಊರಿನಲ್ಲಿ ಇರಿಸಿದಳು. ಗಡಿಗೆ ಹತ್ತಿರದ ಊರು. ಹಿಡಿಯಲು ಬಂದರೆ ಆಚೆ ದಾಟಿಬಿಡಬಹುದು. ಗಂಡನೂ ಒಪ್ಪಿದ್ದ. ನಮ್ಮ ಕಡೆಯ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆ ಕಾಲದ ಫ್ರೆಂಚ್ ಸಿರಿವಂತರಲ್ಲಿ ಇದು ಅಷ್ಟೇನೂ ವಿಚಿತ್ರವಲ್ಲ. ಈ ಪ್ರೇಮಕತೆಯನ್ನೇ ಬೆಳೆಸುತ್ತಾ ಹೋದರೆ ಎಮಿಲಿ ವೋಲ್ಟೇರ್‌ನ ನೆರಳಾಗಿ ಉಳಿದುಬಿಡುತ್ತಾಳೆ. ಹಾಗೆ ಉಳಿಸಿದವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಅದನ್ನು ಇಲ್ಲಿಗೇ ಬಿಡೋಣ.

ಸಿರೆಯ ಬಂಗಲೆ ಒಂದು ಪ್ರಯೋಗಶಾಲೆಯೇ ಆಯಿತು. ದೂರದರ್ಶಕ, ಪ್ರಿಸಂ, ಥರ್ಮಾಮೀಟರ್, ತಕ್ಕಡಿ ಎಲ್ಲ ಬಂದವು. ಆ ಹೊತ್ತಿಗೆ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ ಒಂದು ಸ್ಪರ್ಧೆ ಇಟ್ಟಿತು: ಬೆಂಕಿ ಅಂದರೆ ಏನು, ಅದು ಹೇಗೆ ಹರಡುತ್ತದೆ? ವೋಲ್ಟೇರ್ ಸ್ಪರ್ಧೆಗೆ ಇಳಿದ. ಕುಲುಮೆಗೆ ಹೋಗಿ ಕಾದ ಕಬ್ಬಿಣವನ್ನೂ ಆರಿದ ಕಬ್ಬಿಣವನ್ನೂ ತೂಗಿದ. ಬೆಂಕಿಗೆ ತೂಕ ಇದೆ ಎಂದು ತೋರಿಸುವುದು ಆತನ ಆಸೆ. ಎಮಿಲಿ ಪಕ್ಕದಲ್ಲೇ ಇದ್ದು ನೋಡಿದಳು, ತೂಕ ಇಲ್ಲ ಅನ್ನಿಸಿತು. ಅದನ್ನು ಆತನಿಗೆ ಹೇಳದೆ ತಾನೂ ಒಂದು ಪ್ರಬಂಧ ಬರೆಯಲು ಕೂತಳು. ಅದೂ ರಾತ್ರಿ ಹೊತ್ತು, ಕದ್ದುಮುಚ್ಚಿ. ನಿದ್ದೆ ಬಂದರೆ ಮಂಜುಗಡ್ಡೆಯ ನೀರಿನಲ್ಲಿ ಕೈ ಅದ್ದುತ್ತಿದ್ದಳಂತೆ. ವಿಷಯ ಗೊತ್ತಿದ್ದದ್ದು ಗಂಡನಿಗೆ ಮಾತ್ರ.

ಬಹುಮಾನ ಇಬ್ಬರಿಗೂ ಬರಲಿಲ್ಲ. ಗೆದ್ದವರಲ್ಲಿ ಒಬ್ಬ ಮಹಾ ಗಣಿತಜ್ಞ ಆಯ್ಲರ್, ಅವನೆದುರು ಸೋತರೆ ಬೇಜಾರೇನಿಲ್ಲ ಬಿಡಿ. ಆದರೆ ಅಕಾಡೆಮಿ ಎಮಿಲಿಯ ಪ್ರಬಂಧವನ್ನೂ ಅಚ್ಚು ಹಾಕಿಸಿತು. ಅದರಲ್ಲಿ ಒಂದು ಜಾಣ ಊಹೆ ಇದೆ. ಬೆಳಕಿನ ಬೇರೆ ಬೇರೆ ಬಣ್ಣಗಳಿಗೆ ಬೇರೆ ಬೇರೆ ಪ್ರಮಾಣದ ಶಾಖ ಇರಬಹುದು, ಪ್ರಿಸಂ ಹಿಡಿದು ಪರೀಕ್ಷೆ ಮಾಡಬೇಕು ಎನ್ನುತ್ತಾಳೆ. ಸುಮಾರು 60 ವರ್ಷಗಳ ನಂತರ, 1800ರಲ್ಲಿ, ವಿಲಿಯಂ ಹರ್ಷೆಲ್ ಪ್ರಿಸಂ ಮತ್ತು ಥರ್ಮಾಮೀಟರ್ ಇಟ್ಟುಕೊಂಡು ಹೀಗೇ ಅಳೆಯಲು ಹೋಗಿ ಅವಕೆಂಪು ಕಿರಣಗಳನ್ನು ಕಂಡುಹಿಡಿದ. ಆಕೆ ಅವಕೆಂಪನ್ನು ಮೊದಲೇ ಕಂಡಿದ್ದಳು ಅಂತ ಹೇಳುವುದು ಸುಳ್ಳಾಗುತ್ತದೆ. ಸರಿಯಾದ ಪ್ರಶ್ನೆ ಕೇಳಿದ್ದಳು, ಅಷ್ಟೇ. ಅದೇನು ಕಡಿಮೆಯೇ?

1740ರಲ್ಲಿ ಆಕೆ ಭೌತಶಾಸ್ತ್ರದ ಒಂದು ಪಠ್ಯಪುಸ್ತಕ ಹೊರತಂದಳು. ಮಗನಿಗೆ ಪಾಠ ಹೇಳುವ ನೆಪದಲ್ಲಿ ಬರೆದದ್ದು. ಇದರಲ್ಲಿ ಆಗ ಯೂರೋಪನ್ನೆಲ್ಲ ಕಾಡುತ್ತಿದ್ದ ಒಂದು ಜಗಳಕ್ಕೆ ಕೈ ಹಾಕಿದಳು. ಈ ಜಗಳ ಏನೆಂದು ಸ್ವಲ್ಪ ಬಿಡಿಸಿ ನೋಡೋಣ.

ಓಡುವ ವಸ್ತುವಿನಲ್ಲಿ ಎಷ್ಟು ‘ಬಲ’ ತುಂಬಿರುತ್ತದೆ? ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಹಾದಿಯವರ ಉತ್ತರ: ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ. ನ್ಯೂಟನ್ ಕಡೆಯವರ ಲೆಕ್ಕವೂ ಇದೇ. ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಅಲ್ಲ ಎಂದ. ವೇಗದಿಂದ ಎರಡು ಸಲ ಗುಣಿಸಬೇಕು, ಅಂದರೆ ವೇಗದ ವರ್ಗ. ಅದಕ್ಕೆ ಆತ ‘ಜೀವಂತ ಬಲ’ ಎಂದು ಹೆಸರಿಟ್ಟ.

ಯಾರು ಸರಿ? ಹಾಲೆಂಡಿನ ಗ್ರಾವೆಸಂಡೆ ಎಂಬ ಪ್ರೊಫೆಸರ್ 1720ರ ದಶಕದಲ್ಲಿ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ. ನಾವೂ ಲೆಕ್ಕ ಹಾಕೋಣ. 5 ಮೀಟರ್ ಎತ್ತರದಿಂದ ಬಿಟ್ಟ ಗುಂಡು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ವೇಗ ಎರಡರಷ್ಟಾಗಬೇಕಾದರೆ 10 ಮೀಟರ್ ಎತ್ತರ ಸಾಲದು, 20 ಮೀಟರ್ ಬೇಕು. ಅಂದರೆ ನಾಲ್ಕರಷ್ಟು. ಮಣ್ಣಿನಲ್ಲಿ ಆದ ಗುಳಿಯನ್ನು ಅಳೆದಾಗಲೂ ಅದೇ ಬಂತು: ವೇಗ ಎರಡರಷ್ಟಾದರೆ ಗುಳಿ ನಾಲ್ಕರಷ್ಟು. ಗುಳಿ ತೋಡುವ ವಿಷಯದಲ್ಲಿ ಲೈಬ್ನಿಟ್ಸ್ ಗೆದ್ದ.

ಬೈಕ್ ಓಡಿಸುವವರಿಗೆ ಇದು ಮೈಗೇ ಗೊತ್ತಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಬೈಕ್ ಇಷ್ಟು ದೂರ ಹೋಗಿ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. 60ರಲ್ಲಿ ಹೋಗುವಾಗ ಅಷ್ಟೇ ಜೋರಾಗಿ ಒತ್ತಿದರೆ ಅದರ ಎರಡರಷ್ಟು ದೂರ ಅಲ್ಲ, ನಾಲ್ಕರಷ್ಟು ದೂರ ಜಾರುತ್ತದೆ. ಆ ನಾಲ್ಕು ಇದೇ ನಾಲ್ಕು.

ಆದರೆ ಎದುರಾಳಿಗಳ ಹತ್ತಿರವೂ ಒಂದು ಮಾತಿತ್ತು. ಅಕಾಡೆಮಿಯ ಕಾರ್ಯದರ್ಶಿ ಮೆರಾನ್ ಅವರ ಮುಂದಾಳು. 20 ಮೀಟರ್‌ನಿಂದ ಬೀಳುವ ಗುಂಡಿಗೆ ಎರಡು ಸೆಕೆಂಡ್ ಬೇಕು, 5 ಮೀಟರ್‌ನಿಂದ ಬೀಳುವುದಕ್ಕೆ ಒಂದೇ ಸೆಕೆಂಡ್. ಸಮಯ ಹಿಡಿದು ಅಳೆದರೆ ಎರಡರಷ್ಟೇ ತಾನೆ? ನಾಲ್ಕು ಎಲ್ಲಿಂದ ಬಂತು? ಎಮಿಲಿ ತನ್ನ ಪುಸ್ತಕದಲ್ಲಿ ಮೆರಾನ್ ಹೆಸರು ಹಿಡಿದೇ ಈ ವಾದವನ್ನು ತಳ್ಳಿಹಾಕಿದಳು. 1741ರಲ್ಲಿ ಆತ ಬಹಿರಂಗ ಪತ್ರ ಬರೆದ. ಆಕೆ ಕೆಲವೇ ವಾರಗಳಲ್ಲಿ ಅಚ್ಚಾದ ಉತ್ತರ ಕೊಟ್ಟಳು. ಅಕಾಡೆಮಿಯ ಬಾಗಿಲೊಳಗೆ ಹೆಂಗಸರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅದರ ಕಾರ್ಯದರ್ಶಿಯೇ ಒಬ್ಬ ಹೆಂಗಸಿಗೆ ಊರೆದುರು ಉತ್ತರ ಕೊಡಬೇಕಾಗಿ ಬಂತು!

ಇವತ್ತು ನಮಗೆ ಗೊತ್ತು, ಇಬ್ಬರೂ ಬೇರೆ ಬೇರೆ ಪರಿಮಾಣಗಳನ್ನು ಅಳೆಯುತ್ತಿದ್ದರು. ತಳ್ಳಿದ ಸಮಯ ಹಿಡಿದು ಅಳೆದರೆ ಸಿಗುವುದು ಸಂವೇಗ. ತಳ್ಳಿದ ದೂರ ಹಿಡಿದು ಅಳೆದರೆ ಸಿಗುವುದು ಚಲನಶಕ್ತಿ. ಎರಡೂ ಬೇಕು. ಆಗ ಎರಡಕ್ಕೂ ಇದ್ದದ್ದು ‘ಬಲ’ ಎಂಬ ಒಂದೇ ಪದ, ಜಗಳದ ಅರ್ಧ ಪಾಲು ಅಲ್ಲಿಂದಲೇ ಬಂತು. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಇದು ಪರಿಚಿತ ಸಂಕಟ. ಮಾತಿನಲ್ಲಿ ಬಲ, ಶಕ್ತಿ, ತಾಕತ್ತು ಎಲ್ಲ ಒಂದೇ. ಪಾಠದಲ್ಲಿ ಮಾತ್ರ ಒಂದನ್ನು ಇನ್ನೊಂದರ ಜಾಗದಲ್ಲಿಟ್ಟರೆ ಲೆಕ್ಕವೇ ತಪ್ಪುತ್ತದೆ. ಫ್ರೆಂಚ್ ಗಣಿತಜ್ಞ ದಾಲಾಂಬೇರ್ 1743ರಲ್ಲೇ ಇದು ಬರೀ ಪದಗಳ ಜಗಳ ಎಂದುಬಿಟ್ಟ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ.

ಯಾಕೆಂದರೆ ಇದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ಎರಡು ಜೇಡಿಮಣ್ಣಿನ ಉಂಡೆಗಳು ಎದುರುಬದುರಾಗಿ ಬಂದು ಡಿಕ್ಕಿ ಹೊಡೆದು, ಅಂಟಿಕೊಂಡು, ಅಲ್ಲೇ ನಿಂತವು. ಅವುಗಳ ಓಟ ಎಲ್ಲಿಗೆ ಹೋಯಿತು? ಲೋಕದಲ್ಲಿ ಚಲನೆ ಹೀಗೆ ಸವೆಯುತ್ತಾ ಹೋಗುತ್ತದೆ, ಆಗಾಗ ಹೊಸದಾಗಿ ತುಂಬಬೇಕಾಗುತ್ತದೆ ಎಂದು ನ್ಯೂಟನ್ ಎಣಿಸಿದ್ದ. ಹಾಗಾದರೆ ದೇವರು ಗಡಿಯಾರಕ್ಕೆ ಕೀಲಿ ಕೊಡುತ್ತಲೇ ಇರಬೇಕಾ ಎಂದು ಲೈಬ್ನಿಟ್ಸ್ ಗೇಲಿ ಮಾಡಿದ. ಅವನ ಪ್ರಕಾರ ಓಟ ಎಲ್ಲೂ ಹೋಗಿಲ್ಲ, ಮಣ್ಣಿನ ಒಳಗಿನ ಸಣ್ಣ ಸಣ್ಣ ಕಣಗಳಿಗೆ ಹಂಚಿಹೋಗಿದೆ. ದೊಡ್ಡ ನಾಣ್ಯವನ್ನು ಚಿಲ್ಲರೆ ಮಾಡಿಸಿದ ಹಾಗೆ. ಶಕ್ತಿ ನಾಶವಾಗುವುದಿಲ್ಲ ಎಂದು ಇವತ್ತು ಶಾಲೆಯಲ್ಲಿ ಓದುವ ನಿಯಮಕ್ಕೆ ಹೋಗುವ ದಾರಿ ಇದು. ಎಮಿಲಿ ಗುರುತ್ವಾಕರ್ಷಣೆಯಲ್ಲಿ ನ್ಯೂಟನ್ ಪಕ್ಷ, ಇದರಲ್ಲಿ ಲೈಬ್ನಿಟ್ಸ್ ಪಕ್ಷ. ಆಗಿನ ಕಾಲಕ್ಕೆ ಹೀಗೆ ಎರಡೂ ಪಾಳೆಯದಿಂದ ಬೇಕಾದ್ದನ್ನು ಆರಿಸಿಕೊಳ್ಳುವುದು ಸಣ್ಣ ಧೈರ್ಯವಲ್ಲ.

ಇಂಟರ್‌ನೆಟ್ಟಿನಲ್ಲಿ ಇನ್ನೊಂದು ಮಾತು ಓಡಾಡುತ್ತಿರುತ್ತದೆ. ಐನ್‌ಸ್ಟೈನ್‌ನ ‘ಈ ಈಕ್ವಲ್ಸ್ ಎಂಸಿ ಸ್ಕ್ವೇರ್’ ಸೂತ್ರಕ್ಕೆ ತಳಪಾಯ ಹಾಕಿದ್ದೇ ಎಮಿಲಿ ಅಂತ. ಎರಡರಲ್ಲೂ ಒಂದು ವರ್ಗ ಇದೆ ಅನ್ನುವುದು ಬಿಟ್ಟರೆ ನೇರ ನಂಟಿಲ್ಲ. ಸುಮ್ನೆ ಹೊಗಳಲು ಹೋಗಿ ಆಕೆ ನಿಜವಾಗಿ ಮಾಡಿದ್ದನ್ನೇ ಮರೆಸುವ ಹೊಗಳಿಕೆ ಇದು.

ಮಾಡಿದ್ದಕ್ಕೆ ಸಿಕ್ಕಿದ್ದೇನು ಅಂದರೆ ಅನುಮಾನ. ಆಕೆಗೆ ಗಣಿತ ಹೇಳಿಕೊಟ್ಟಿದ್ದ ಕೋನಿಗ್, ಆ ಪಠ್ಯಪುಸ್ತಕ ತನ್ನ ಪಾಠದ ನಕಲು ಎಂದು ಪ್ಯಾರಿಸ್ ತುಂಬ ಹಬ್ಬಿಸಿದ. ಸತ್ತ ಮೇಲೂ ಜನ ಆಕೆಯನ್ನು ಬಿಡಲಿಲ್ಲ. ಯಂತ್ರಶಾಸ್ತ್ರದ ವಾದಕ್ಕೆ ಇಳಿಯುವ ಇಂಥ ಹೆಂಗಸಿಗೆ ಗಡ್ಡವೂ ಇದ್ದಿದ್ದರೆ ಆಗುತ್ತಿತ್ತು ಎಂದು 1764ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಬರೆದ. ಕಾಂಟ್‌ನಂಥವನ ಬಾಯಲ್ಲಿ ಇಂಥ ಮಾತು! ಬೊಲೋನಾ ನಗರದ ಅಕಾಡೆಮಿ 1746ರಲ್ಲೇ ಆಕೆಯನ್ನು ಸದಸ್ಯೆ ಮಾಡಿಕೊಂಡಿತ್ತು. ಪ್ಯಾರಿಸ್‌ನ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ಪೂರ್ಣ ಸದಸ್ಯೆಯಾಗಿ ಆರಿಸಿದ್ದು 1979ರಲ್ಲಿ.

ಹಾಗಂತ ಆಕೆ ಸದಾ ಪುಸ್ತಕದಲ್ಲಿ ಮುಳುಗಿದ್ದ ಸನ್ಯಾಸಿನಿಯಲ್ಲ. ಒಡವೆ ಇಷ್ಟ, ನಾಟಕ ಇಷ್ಟ, ಇಸ್ಪೀಟು ಅಂದರೆ ಪ್ರಾಣ. ರಾಣಿಯ ಮೇಜಿನಲ್ಲಿ ಆಡಿ ಒಂದು ಸಲ 84,000 ಫ್ರಾಂಕ್ ಕಳೆದುಕೊಂಡಳು. ನೀನು ಆಡುತ್ತಿರುವುದು ಮೋಸಗಾರರ ಜೊತೆ ಎಂದು ವೋಲ್ಟೇರ್ ಗುಟ್ಟಾಗಿ ಇಂಗ್ಲಿಷಿನಲ್ಲಿ ಹೇಳಿದ. ಅಲ್ಲಿದ್ದವರಿಗೆ ಅದು ಅರ್ಥವಾಗಿ, ಇಬ್ಬರೂ ರಾತ್ರೋರಾತ್ರಿ ಜಾಗ ಖಾಲಿ ಮಾಡಬೇಕಾಯಿತು.

ಅನುವಾದ ಆಕೆಗೆ ಹೊಸದೇನಲ್ಲ. 1730ರ ದಶಕದಲ್ಲೇ ಮ್ಯಾಂಡೆವಿಲ್ ಎಂಬಾತನ ಜೇನುಹುಳುಗಳ ಕತೆಯನ್ನು ಇಂಗ್ಲಿಷಿನಿಂದ ಫ್ರೆಂಚ್‌ಗೆ ತಂದಿದ್ದಳು. ಅದಕ್ಕೆ ಬರೆದ ಮುನ್ನುಡಿಯಲ್ಲಿ ಅನುವಾದಕರನ್ನು ಸಾಹಿತ್ಯ ಲೋಕದ ವ್ಯಾಪಾರಿಗಳು ಎಂದು ಕರೆದಿದ್ದಾಳೆ. ಒಂದು ದೇಶದ ಸರಕನ್ನು ಇನ್ನೊಂದಕ್ಕೆ ಸಾಗಿಸುವವರು. ಆದರೆ ಸುಮಾರು 1745ರಲ್ಲಿ ಕೈಗೆತ್ತಿಕೊಂಡ ‘ಪ್ರಿನ್ಸಿಪಿಯಾ’ ಸುಮ್ಮನೆ ಹೊತ್ತು ಸಾಗಿಸುವ ಸರಕಾಗಿರಲಿಲ್ಲ.

ಅದು ಎಂಥ ಪುಸ್ತಕ ಎಂದು ತಿಳಿಯಲು ಅದರ ಮೊದಲನೇ ಪ್ರಮೇಯವನ್ನೇ ನೋಡಿ. ಕಾಗದ, ಪೆನ್ಸಿಲ್ ತಗೊಳ್ಳಿ. ಒಂದು ಕಡೆ ‘ಸ’ ಎಂದು ಸೂರ್ಯನ ಚುಕ್ಕೆ ಇಡಿ. ಅದರಿಂದ ದೂರದಲ್ಲಿ ಒಂದು ಗ್ರಹ ‘ಅ’ದಿಂದ ‘ಬ’ಗೆ ನೇರ ಗೆರೆಯಲ್ಲಿ ಹೋಯಿತು. ಯಾರೂ ಎಳೆಯದಿದ್ದರೆ ಅಷ್ಟೇ ಹೊತ್ತಿನಲ್ಲಿ ಅದೇ ಗೆರೆಯಲ್ಲಿ ಅಷ್ಟೇ ದೂರ ಮುಂದೆ ಸಾಗಿ ‘ಗ’ಗೆ ಹೋಗುತ್ತಿತ್ತು. ಈಗ ‘ಸಅಬ’ ಮತ್ತು ‘ಸಬಗ’ ತ್ರಿಕೋನಗಳನ್ನು ಎಳೆಯಿರಿ. ಪಾದ ಸಮ, ಎತ್ತರ ಒಂದೇ, ಹಾಗಾಗಿ ವಿಸ್ತೀರ್ಣವೂ ಒಂದೇ. ಆದರೆ ‘ಬ’ದಲ್ಲಿ ಸೂರ್ಯ ಒಂದು ಸಲ ತನ್ನ ಕಡೆಗೆ ಜಗ್ಗಿದ ಅಂತಿಟ್ಟುಕೊಳ್ಳಿ. ಗ್ರಹ ‘ಗ’ ಬದಲು ‘ಕ’ಗೆ ಹೋಗಿ ಮುಟ್ಟುತ್ತದೆ. ಜಗ್ಗಿದ್ದು ‘ಬಸ’ ಗೆರೆಯ ದಿಕ್ಕಿನಲ್ಲಿ, ಹಾಗಾಗಿ ‘ಗ’ದಿಂದ ‘ಕ’ಗೆ ಸರಿದದ್ದು ಆ ಗೆರೆಗೆ ಸಮಾಂತರ. ‘ಸಬ’ವನ್ನು ಪಾದ ಅಂತ ತಗೊಂಡರೆ ತ್ರಿಕೋನದ ತುದಿ ಪಾದಕ್ಕೆ ಸಮಾಂತರವಾಗಿ ಜರುಗಿತು. ಎತ್ತರ ಬದಲಾಗಲಿಲ್ಲ. ವಿಸ್ತೀರ್ಣವೂ ಬದಲಾಗಲಿಲ್ಲ!

ಹೀಗೆ ಜಗ್ಗುತ್ತಾ ಜಗ್ಗುತ್ತಾ, ಹೊತ್ತಿನ ತುಂಡುಗಳನ್ನು ಸಣ್ಣದು ಮಾಡುತ್ತಾ ಹೋದರೆ ಮುರುಕು ಗೆರೆ ನುಣುಪಾದ ಕಕ್ಷೆಯಾಗುತ್ತದೆ. ಗ್ರಹ ಸಮ ಹೊತ್ತಿನಲ್ಲಿ ಸಮ ವಿಸ್ತೀರ್ಣ ಗುಡಿಸುತ್ತದೆ ಎಂದು ಕೆಪ್ಲರ್ ಆಕಾಶ ನೋಡಿ ಹೇಳಿದ್ದನ್ನು ನ್ಯೂಟನ್ ಎರಡು ತ್ರಿಕೋನದಲ್ಲಿ ತೋರಿಸಿಬಿಟ್ಟ.

ಚೆಂದ ಇದೆ, ಅಲ್ವಾ? ಇದು ಸುಲಭದ ಪ್ರಮೇಯ. ಮುಂದೆ ಒಂದೊಂದು ಲೆಕ್ಕಕ್ಕೂ ಒಂದೊಂದು ಹೊಸ ಚಿತ್ರ, ಹೊಸ ಚಮತ್ಕಾರ. ಅಜ್ಜಿ ಕೈ ಅಂದಾಜಿನಲ್ಲಿ ಹುಳಿಪುಡಿ ಮಾಡಿದ ಹಾಗೆ. ರುಚಿಗೆ ಎರಡು ಮಾತಿಲ್ಲ, ಆದರೆ ಅಜ್ಜಿ ಇಲ್ಲದಾಗ ಅದೇ ರುಚಿ ಬರಿಸುವುದು ಹೇಗೆ? ಅಳತೆ ಬರೆದಿಡಬೇಕು. ಆ ಅಳತೆಯೇ ಕ್ಯಾಲ್ಕುಲಸ್, ಕ್ಷಣಕ್ಷಣಕ್ಕೂ ಬದಲಾಗುವುದನ್ನು ಲೆಕ್ಕ ಹಾಕುವ ಗಣಿತ. ಲೈಬ್ನಿಟ್ಸ್ ರೂಪಿಸಿದ ಚಿಹ್ನೆಗಳಲ್ಲಿ ಯೂರೋಪಿನ ಗಣಿತಜ್ಞರು ಅದನ್ನು ಆಗಲೇ ಬೆಳೆಸಿದ್ದರು. ಎಮಿಲಿ 1726ರ ಮೂರನೇ ಆವೃತ್ತಿಯನ್ನು ಪೂರ್ತಿ ಅನುವಾದಿಸಿದ ಮೇಲೆ ನಿಲ್ಲಲಿಲ್ಲ. ಕೊನೆಗೆ ತನ್ನದೇ ಒಂದು ದೊಡ್ಡ ವ್ಯಾಖ್ಯಾನ ಸೇರಿಸಿದಳು. ಮೊದಲ ಭಾಗದಲ್ಲಿ ನ್ಯೂಟನ್‌ನ ವಿಶ್ವವ್ಯವಸ್ಥೆಯ ಸರಳ ವಿವರಣೆ. ಎರಡನೇ ಭಾಗದಲ್ಲಿ ಮುಖ್ಯ ಪ್ರಮೇಯಗಳನ್ನು ಕ್ಯಾಲ್ಕುಲಸ್ ದಾರಿಯಲ್ಲಿ ಬಿಡಿಸಿದ್ದು. ಭೂಮಿಯ ಆಕಾರದ ಬಗ್ಗೆ, ಉಬ್ಬರವಿಳಿತದ ಬಗ್ಗೆ ನ್ಯೂಟನ್ ನಂತರ ಬಂದ ಕೆಲಸಗಳನ್ನೂ ಸೇರಿಸಿದಳು. ಹಾಳೆಗಳನ್ನು ಕ್ಲೇರೋ ಪರಿಶೀಲಿಸುತ್ತಿದ್ದ. ಆ 17 ಗಂಟೆಗಳು ಹೋದದ್ದು ಇಲ್ಲಿಗೆ.

ಗಣಿತ ಇಲ್ಲದ ಜಾಗದಲ್ಲೂ ಅನುವಾದ ಸುಲಭವಲ್ಲ. ಗುರುತ್ವ ಹೇಗೆ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿದ ನ್ಯೂಟನ್‌ಗೆ ಅದು ಯಾಕೆ ಇದೆ ಎಂದು ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಂಡು ಮೂರೇ ಪದದಲ್ಲಿ ಹೇಳಿದ: ‘ಹೈಪೋಥೀಸೀಸ್ ನಾನ್ ಫಿಂಗೋ’. ಜಗಳವೆಲ್ಲ ಆ ‘ಫಿಂಗೋ’ದಲ್ಲಿದೆ. ಲ್ಯಾಟಿನ್‌ನಲ್ಲಿ ಅದಕ್ಕೆ ಮಣ್ಣಿನಿಂದ ಆಕಾರ ಮಾಡುವುದು ಎಂಬ ಅರ್ಥವೂ ಇದೆ, ಇಲ್ಲದ್ದನ್ನು ಹುಟ್ಟಿಸುವುದು ಎಂಬ ಅರ್ಥವೂ ಇದೆ. 1729ರ ಇಂಗ್ಲಿಷ್ ಅನುವಾದ ಮೊದಲ ಅರ್ಥ ಹಿಡಿಯಿತು, ನಾನು ಊಹೆಗಳನ್ನು ರಚಿಸುವುದಿಲ್ಲ ಎಂಬಂತೆ. ಆಗ ನ್ಯೂಟನ್ ಊಹೆಗಳನ್ನೇ ಬೇಡ ಎಂದ ಹಾಗಾಯಿತು. ಎಮಿಲಿ ಬಳಸಿದ್ದು ‘ಕಲ್ಪಿಸುವುದಿಲ್ಲ’ ಎಂಬ ಅರ್ಥದ ಫ್ರೆಂಚ್ ಕ್ರಿಯಾಪದ. ಮನಸ್ಸಿನಿಂದ ಹುಟ್ಟಿಸಿ ಹೇಳುವುದಿಲ್ಲ ಎಂಬ ಧ್ವನಿ ಅದರಲ್ಲಿದೆ. 20ನೇ ಶತಮಾನದ ವಿದ್ವಾಂಸರು ನ್ಯೂಟನ್ ಮನಸ್ಸಿನಲ್ಲಿದ್ದದ್ದು ಹೆಚ್ಚು ಕಡಿಮೆ ಇದೇ ಎಂಬ ಕಡೆಗೆ ಬಂದರು. ಕನ್ನಡದಲ್ಲಾದರೆ ನಮಗೆ ಒಂದು ಅನುಕೂಲ ಇದೆ. ‘ಕಟ್ಟು’ ಎಂಬ ಪದ. ಮನೆಯನ್ನೂ ಕಟ್ಟುತ್ತೇವೆ, ಕತೆಯನ್ನೂ ಕಟ್ಟುತ್ತೇವೆ. ‘ನಾನು ಊಹೆ ಕಟ್ಟುವುದಿಲ್ಲ’ ಎಂದರೆ ಎರಡೂ ಬಂತು.

ಎಮಿಲಿಗೆ ಈ ವ್ಯತ್ಯಾಸ ಮುಖ್ಯವಾಗಿತ್ತು, ಯಾಕೆಂದರೆ ಊಹೆಯ ಬಗ್ಗೆ ಆಕೆ ತನ್ನ ಪಠ್ಯಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಬರೆದಿದ್ದಳು. ಕೋಪರ್ನಿಕಸ್‌ನಿಂದ ಕೆಪ್ಲರ್‌ವರೆಗೆ ಎಲ್ಲರೂ ಮೊದಲು ಊಹಿಸಿಯೇ ಮುಂದೆ ಹೋದವರು ಎನ್ನುತ್ತಾಳೆ. ಆದರೆ ಒಂದು ಷರತ್ತು: ಊಹೆಯನ್ನು ಒಪ್ಪಲು ಒಂದು ಪ್ರಯೋಗ ಸಾಲದು, ಬಿಸಾಡಲು ಒಂದೇ ಸಾಕು. ಆಗ ತಯಾರಾಗುತ್ತಿದ್ದ ದೊಡ್ಡ ಫ್ರೆಂಚ್ ವಿಶ್ವಕೋಶದ ‘ಊಹೆ’ ಎಂಬ ಲೇಖನ ಬಹುಪಾಲು ಈ ಅಧ್ಯಾಯದಿಂದಲೇ ಎತ್ತಿದ್ದು.

1749ರ ಬೇಸಿಗೆಯಲ್ಲಿ ಆಕೆ ಹೆರಿಗೆಗೆಂದು ಲುನೆವಿಲ್‌ಗೆ ಹೋದಳು. ಮಗುವಿನ ತಂದೆ ಸಾಂ ಲಾಂಬೇರ್ ಎಂಬ ಯುವ ಕವಿ ಇದ್ದದ್ದು ಅಲ್ಲಿನ ಆಸ್ಥಾನದಲ್ಲಿ. ಸೆಪ್ಟೆಂಬರ್ 4ರಂದು ಹೆಣ್ಣುಮಗು ಹುಟ್ಟಿತು. ಹಸ್ತಪ್ರತಿಯನ್ನು ಪ್ಯಾರಿಸ್‌ನ ರಾಜನ ಗ್ರಂಥಾಲಯಕ್ಕೆ ಕಳಿಸಿ, ಕಳೆದುಹೋಗದಂತೆ ನಮೂದಿಸಿ ಇಡಿ ಎಂದು ಬರೆದಳು. ಸೆಪ್ಟೆಂಬರ್ 10ರಂದು ತೀರಿಕೊಂಡಳು. ಮಗುವೂ ಹೆಚ್ಚು ಕಾಲ ಬದುಕಲಿಲ್ಲ.

ಹಸ್ತಪ್ರತಿ ವರ್ಷಗಟ್ಟಲೆ ಅಲ್ಲೇ ಕೂತಿತ್ತು. ಅದಕ್ಕೆ ಬಿಡುಗಡೆಯ ಗಳಿಗೆ ತಂದದ್ದು ಒಂದು ಧೂಮಕೇತು. ಖಗೋಳಜ್ಞ ಹ್ಯಾಲಿ ನ್ಯೂಟನ್ ನಿಯಮ ಹಿಡಿದು ಹೇಳಿದ್ದ ಪ್ರಕಾರ ಅದು 1758ರ ಕೊನೆಯ ಹೊತ್ತಿಗೆ ಮರಳಬೇಕು. ನ್ಯೂಟನ್ ಸರಿಯೋ ತಪ್ಪೋ ಎಂಬುದಕ್ಕೆ ಇಡೀ ಯೂರೋಪಿನ ಎದುರು ಪರೀಕ್ಷೆ. ಕ್ಲೇರೋ, ಲಾಲಾಂದ್, ನಿಕೋಲ್ ರೇನ್ ಲೆಪೋತ್ ಎಂಬ ಮಹಿಳೆ, ಮೂವರೂ ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿದರು. ಗುರು ಮತ್ತು ಶನಿ ಗ್ರಹಗಳು ಎಳೆಯುವುದರಿಂದ ಧೂಮಕೇತು 618 ದಿನ ತಡವಾಗುತ್ತದೆ, 1759ರ ಏಪ್ರಿಲ್ ಮಧ್ಯದಲ್ಲಿ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಒಂದು ತಿಂಗಳು ಹಿಂದೆಮುಂದೆ ಆಗಬಹುದು ಎಂದರು. ಅದು ಬಂದದ್ದು ಮಾರ್ಚ್ 13ರಂದು.

ಅದೇ ವರ್ಷ ಎಮಿಲಿಯ ಅನುವಾದ ಪೂರ್ತಿಯಾಗಿ ಎರಡು ಸಂಪುಟಗಳಲ್ಲಿ ಹೊರಬಂತು. ಇಂಗ್ಲಿಷಿನಲ್ಲಿ ‘ಪ್ರಿನ್ಸಿಪಿಯಾ’ 1999ರಲ್ಲಿ ಹೊಸದಾಗಿ ಅನುವಾದವಾಗಿದೆ. ಫ್ರೆಂಚ್ ಓದುಗರು ಇವತ್ತಿಗೂ ಮುಖ್ಯವಾಗಿ ತೆರೆಯುವುದು ಎಮಿಲಿಯದ್ದನ್ನೇ. ಆ 1759ರ ಪ್ರತಿಯ ಮುಖಪುಟದಲ್ಲಿ ಶೀರ್ಷಿಕೆಯ ಕೆಳಗೆ ‘ದಿವಂಗತ ಶ್ರೀಮತಿ ಮಾರ್ಕೀಸ್ ದು ಶಾಟ್ಲೆ ಅವರಿಂದ’ ಎಂದು ಅಚ್ಚಾಗಿದೆ. ನ್ಯೂಟನ್ ಹೆಸರು ನೋಡಬೇಕಾದರೆ ಹಾಳೆ ತಿರುವಬೇಕು.